ಸಿಗ್ನಲ್ ಕಂಬಕ್ಕೆ ಯಾರು ಕಾಣಿಸುತ್ತಾರೆ?

ತುಮಕೂರಿನಿಂದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಅವಳ ಕಾಲೇಜಿನಲ್ಲಿ ‘ಸ್ಮಾರ್ಟ್ ಸಿಟಿ’ ಬಗ್ಗೆ ಪ್ರಬಂಧ ಸ್ಪರ್ಧೆ ಇದೆಯಂತೆ. ಎಲ್ಲಿ ಹುಡುಕಿದರೂ ಸೆನ್ಸರ್, ನೆಟ್‌ವರ್ಕ್, ಡೇಟಾ ಎಂಬ ಮೂರು ಪದಗಳೇ ಸಿಗುತ್ತವಂತೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾಳೆ: ‘ಸಾರ್, ಬುದ್ಧಿ ಬಂದದ್ದು ಯಾರಿಗೆ? ಊರಿಗೋ, ಕಂಬಕ್ಕೋ?’

ಪ್ರಬಂಧಕ್ಕೆ ಬಹುಮಾನ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಪ್ರಶ್ನೆಗಂತೂ ನಾನೇ ಬಹುಮಾನ ಕೊಟ್ಟುಬಿಟ್ಟೆ. ಅದೇ ಈ ವಾರದ ಅಂಕಣ.

ಕೇಂದ್ರ ಸರಕಾರದ ಸ್ಮಾರ್ಟ್ ಸಿಟಿ ಯೋಜನೆ ಶುರುವಾದದ್ದು 2015ರ ಜೂನ್‌ನಲ್ಲಿ. ಮುಗಿದದ್ದು 2025ರ ಮಾರ್ಚ್‌ನಲ್ಲಿ. ದೇಶದ 100 ಊರುಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಬೆಳಗಾವಿ, ದಾವಣಗೆರೆ, ತುಮಕೂರು, ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ-ಧಾರವಾಡ ಮತ್ತು ಬೆಂಗಳೂರು ಹೀಗೆ ಏಳು. ಪ್ರತಿ ಊರಲ್ಲೂ ಗೋಡೆಯ ತುಂಬ ಟಿವಿ ಪರದೆಗಳಿರುವ ಒಂದು ನಿಯಂತ್ರಣ ಕೇಂದ್ರ ಎದ್ದಿತು. ಕಸದ ಗಾಡಿ, ಬೀದಿ ದೀಪ, ನೀರಿನ ಟ್ಯಾಂಕು, ಕ್ಯಾಮೆರಾ ಎಲ್ಲವೂ ಅಲ್ಲಿಗೆ ವರದಿ ಒಪ್ಪಿಸಬೇಕೆಂಬುದು ಏರ್ಪಾಡು. ಇದನ್ನೆಲ್ಲ ಒಂದೇ ಲೇಖನದಲ್ಲಿ ತುಂಬಿಸಲು ಹೋದರೆ ಅದೂ ಪ್ರಬಂಧ ಸ್ಪರ್ಧೆಯ ಹಾಗೇ ಆದೀತು. ಅದಕ್ಕೇ ಒಂದೇ ಒಂದು ಕಂಬವನ್ನು ಹಿಡಿದುಕೊಳ್ಳೋಣ. ನೀವು ದಿನವೂ ಶಾಲೆಗೆ ಹೋಗುವಾಗ ಬೈದುಕೊಳ್ಳುವ ಕಂಬ. ಟ್ರಾಫಿಕ್ ಸಿಗ್ನಲ್.

ಈ ಕಂಬದ ಜೊತೆ ನನಗೂ ಸ್ವಲ್ಪ ಜಗಳವಿದೆ. ನನ್ನ ತಾಯಿಗೆ 78 ವರ್ಷ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಆದ ಮೇಲೆ ತಪಾಸಣೆಗೆಂದು ಅವರನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆಟೋದವನು ರಸ್ತೆಯ ಈಚೆ ಬದಿಗೆ ಇಳಿಸಿದ. ಆಸ್ಪತ್ರೆ ಆಚೆ ಬದಿಗೆ. ನಡುವೆ ಆರು ಪಥದ ರಸ್ತೆ, ಬಿಳಿ ಪಟ್ಟೆ, ಕಂಬದಲ್ಲೊಂದು ಗುಂಡಿ. ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವನು ‘ಅದು ಒತ್ತೋಕಲ್ಲ ಸಾರ್, ನೋಡೋಕೆ’ ಎಂದ. ಕೊನೆಗೆ ತಾನಾಗಿಯೇ ಹಸಿರು ಮನುಷ್ಯ ಕಾಣಿಸಿಕೊಂಡ. ಅಮ್ಮ ಸೆರಗು ಬಿಗಿಮಾಡಿಕೊಂಡು ಹೊರಟರು. ನಡುರಸ್ತೆ ದಾಟಿ ಇನ್ನೂ ನಾಲ್ಕು ಹೆಜ್ಜೆ ಆಗಿರಲಿಲ್ಲ, ಹಸಿರು ಮನುಷ್ಯ ಮಾಯವಾದ. ಸಾಲಾಗಿ ನಿಂತಿದ್ದ ಬೈಕುಗಳು ಒಮ್ಮೆಲೇ ಗುರ್ರೆಂದವು. ಯಾರೂ ಗುದ್ದಲಿಲ್ಲ, ನಿಜ. ಆದರೆ ಅಮ್ಮನ ಕೈ ನನ್ನ ಮುಂಗೈಯನ್ನು ಹಿಡಿದಿದ್ದ ಬಿಗಿ ಇನ್ನೂ ನೆನಪಿದೆ. ಫುಟ್‌ಪಾತ್ ಹತ್ತಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: ‘ನಾನು ಇದ್ದೀನಿ ಅಂತ ಅದಕ್ಕೆ ಗೊತ್ತೇ ಆಗಲಿಲ್ಲ ನೋಡು.’

ಅವರು ಹೇಳಿದ್ದು ವೈಜ್ಞಾನಿಕವಾಗಿ ನೂರಕ್ಕೆ ನೂರು ಸರಿ.

ಅದು ಹೇಗೆಂದು ನೋಡುವ ಮುಂಚೆ ಒಂದು ವಿಚಿತ್ರ ಸಂಗತಿ. ಜಗತ್ತಿನ ಮೊದಲ ಟ್ರಾಫಿಕ್ ಸಿಗ್ನಲ್ ಹುಟ್ಟಿದಾಗ ಮೋಟಾರು ಕಾರೇ ಹುಟ್ಟಿರಲಿಲ್ಲ! 1868ರ ಡಿಸೆಂಬರ್‌ನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಎದುರು ಅದನ್ನು ನೆಟ್ಟರು. ಕುದುರೆ ಗಾಡಿಗಳ ಸಂದಣಿಯಲ್ಲಿ ಪಾರ್ಲಿಮೆಂಟ್ ಸದಸ್ಯರೂ ಇತರ ಪಾದಚಾರಿಗಳೂ ರಸ್ತೆ ದಾಟುವುದೇ ಕಷ್ಟವಾಗಿತ್ತು. ಜೆ. ಪಿ. ನೈಟ್ ಎಂಬ ರೈಲ್ವೆ ಎಂಜಿನಿಯರ್ ರೈಲು ನಿಲ್ದಾಣದ ಕೈಕಂಬವನ್ನೇ ರಸ್ತೆಗೆ ತಂದ. ಹಗಲು ಹೊತ್ತು ಮರದ ಕೈ ಮೇಲೆ-ಕೆಳಗೆ ಆಡುತ್ತಿತ್ತು. ರಾತ್ರಿ ಕೆಂಪು-ಹಸಿರು ಗ್ಯಾಸ್ ದೀಪ. ಕೆಳಗೆ ನಿಂತ ಪೊಲೀಸನೇ ಅದನ್ನು ತಿರುಗಿಸಬೇಕು. ಒಂದು ತಿಂಗಳೂ ಕಳೆದಿರಲಿಲ್ಲ, ಗ್ಯಾಸ್ ಸೋರಿ ಕಂಬವೇ ಸಿಡಿದು ಪೊಲೀಸನಿಗೆ ಗಾಯವಾಯಿತು. ಯೋಜನೆ ಅಲ್ಲಿಗೆ ಮುಗಿಯಿತು. ಕತೆಯ ದುರಂತ ಭಾಗ ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕೆಂದದ್ದು ಬೇರೆ: ಆ ಮೊದಲ ಕಂಬ ನಡೆಯುವವರಿಗಾಗಿ ಹುಟ್ಟಿತ್ತು. ಅದೂ ಅಲ್ಲದೆ, ಅದರ ಬುಡದಲ್ಲಿ ಎರಡು ಕಣ್ಣಿದ್ದ ಒಬ್ಬ ಮನುಷ್ಯ ನಿಂತಿದ್ದ. ಅಜ್ಜಿ ಬಂದರೆ ಅವನಿಗೆ ಕಾಣುತ್ತಿತ್ತು.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1914ರಲ್ಲಿ ವಿದ್ಯುತ್ ಸಿಗ್ನಲ್ ಬಂತು. ಆ ಹೊತ್ತಿಗೆ ಕಾರುಗಳೂ ಬಂದಿದ್ದವು. ನಂತರದ ದಶಕಗಳಲ್ಲಿ ಪೊಲೀಸನ ಬದಲು ಗಡಿಯಾರ ಕೂತಿತು. ಇಷ್ಟು ಸೆಕೆಂಡ್ ಈ ಕಡೆ, ಇಷ್ಟು ಸೆಕೆಂಡ್ ಆ ಕಡೆ. ರಸ್ತೆ ಖಾಲಿ ಇದ್ದರೂ ಅಷ್ಟೇ, ಜಾತ್ರೆ ಇದ್ದರೂ ಅಷ್ಟೇ. ರಾತ್ರಿ ಹನ್ನೆರಡಕ್ಕೆ ಒಂದು ನಾಯಿಯೂ ಇಲ್ಲದ ಚೌಕದಲ್ಲಿ ಕೆಂಪು ದೀಪದ ಮುಂದೆ ನಿಂತು ನಿಮ್ಮ ತಂದೆಯವರು ಗೊಣಗಿದ್ದರೆ, ಆ ಗೊಣಗಾಟ ಇಂಥ ಗಡಿಯಾರದ ಮೇಲೆ.

ಗಡಿಯಾರಕ್ಕೆ ಕಣ್ಣು ಬೇಕು ಎಂದಾಯಿತು. ಎಂಜಿನಿಯರುಗಳು ಕಣ್ಣನ್ನು ಇಟ್ಟದ್ದು ಕಂಬದ ಮೇಲಲ್ಲ, ರಸ್ತೆಯ ಕೆಳಗೆ. ಇದು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕಾದ ಭಾಗ. ಎರಡನೇ ಪಿಯುಸಿಯ ವಿದ್ಯುತ್ಕಾಂತೀಯ ಪ್ರೇರಣೆ ಪಾಠ ಇಲ್ಲಿ ಡಾಂಬರಿನೊಳಗೆ ಮಲಗಿದೆ. ನಿಲುಗಡೆ ಗೆರೆಯ ಹತ್ತಿರ ರಸ್ತೆಯನ್ನು ಆಯತಾಕಾರದಲ್ಲಿ ಕೊಯ್ದು, ಆ ಸೀಳಿನಲ್ಲಿ ತಂತಿಯನ್ನು ಮೂರ್ನಾಲ್ಕು ಸುತ್ತು ಸುತ್ತಿ, ಮೇಲೆ ಅಂಟು ಸುರಿದು ಮುಚ್ಚುತ್ತಾರೆ. ಅಷ್ಟೇ, ಒಂದು ದೊಡ್ಡ ಸುರುಳಿ ತಯಾರು. ಅದರಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತಿರುತ್ತದೆ. ಮೇಲೆ ಕಾರು ಬಂದು ನಿಂತರೆ ಅದರ ಲೋಹದ ತಳದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ. ಲೆನ್ಸ್ ಮಹಾಶಯನ ನಿಯಮದಂತೆ ಅದು ತನ್ನನ್ನು ಹುಟ್ಟಿಸಿದ ಕಾಂತಕ್ಷೇತ್ರವನ್ನೇ ವಿರೋಧಿಸುತ್ತದೆ. ಸುರುಳಿಯ ಪ್ರೇರಕತೆ ಕಡಿಮೆಯಾಗುತ್ತದೆ, ಮಂಡಲದ ಆವರ್ತಾಂಕ ಒಂದಿಷ್ಟು ಏರುತ್ತದೆ. ಕಂಬದ ಬುಡದ ಪೆಟ್ಟಿಗೆ ಆ ಏರಿಕೆಯನ್ನು ಗುರುತಿಸಿ ‘ಯಾರೋ ಬಂದರು’ ಎಂದುಕೊಳ್ಳುತ್ತದೆ.

ಗಾಡಿಯ ಭಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಕಬ್ಬಿಣವೇ ಆಗಬೇಕೆಂದೂ ಇಲ್ಲ. ವಿದ್ಯುತ್ ಸಲೀಸಾಗಿ ಹರಿಯುವ ಅಲ್ಯೂಮಿನಿಯಂ ಸೈಕಲ್ ಗಾಲಿಯೂ, ಸರಿಯಾಗಿ ತಂತಿಯ ಗೆರೆಯ ಮೇಲೆ ನಿಂತರೆ, ಕಂಬಕ್ಕೆ ಗೊತ್ತಾಗಬಹುದು. ಹತ್ತು ಗ್ರಾಮಿನ ಬಳೆ ತೊಟ್ಟ 78 ವರ್ಷದ ಹೆಂಗಸು? ಆವರ್ತಾಂಕ ಕದಲುವುದಿಲ್ಲ. ಅಮ್ಮ ಹೇಳಿದ್ದು ಇದನ್ನೇ.

ಒಂದು ಕಂಬಕ್ಕೆ ಕಣ್ಣು ಬಂದ ಮೇಲೆ ಕಂಬಗಳು ಪರಸ್ಪರ ಮಾತಾಡಿಕೊಳ್ಳುವುದು ಮುಂದಿನ ಹೆಜ್ಜೆ. 1960ರ ದಶಕದ ಆರಂಭದಲ್ಲೇ ಕೆನಡಾದ ಟೊರಾಂಟೊ ನಗರ ತನ್ನ ಸಿಗ್ನಲ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿತ್ತು. 1970ರ ದಶಕದಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ‘ಸ್ಕ್ಯಾಟ್ಸ್’, ಬ್ರಿಟನ್ನಿನಲ್ಲಿ ‘ಸ್ಕೂಟ್’ ಎಂಬ ಎರಡು ವ್ಯವಸ್ಥೆಗಳು ಬೆಳೆದವು. ಇವತ್ತಿಗೂ ಜಗತ್ತಿನ ಎಷ್ಟೋ ನಗರಗಳು ಇವೆರಡರ ಸಂತಾನವನ್ನೇ ಬಳಸುತ್ತಿವೆ. ಈ ಚೌಕದಲ್ಲಿ ಬಿಟ್ಟ ಕಾರುಗಳ ಹಿಂಡು ಮುಂದಿನ ಚೌಕಕ್ಕೆ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ, ಅಷ್ಟು ಹೊತ್ತಿಗೆ ಅಲ್ಲಿ ಹಸಿರಾಗಬೇಕು. ಯಾವ ಕಡೆ ಸಾಲು ಬೆಳೆಯುತ್ತಿದೆ, ಆ ಕಡೆಗೆ ನಾಲ್ಕು ಸೆಕೆಂಡ್ ಜಾಸ್ತಿ ಕೊಡಬೇಕು. ಊರಿನ ಎಲ್ಲ ಕಂಬಗಳೂ ಹೀಗೆ ಒಂದನ್ನೊಂದು ಕೇಳಿಕೊಂಡು ಕೆಲಸ ಮಾಡುತ್ತವೆ. ‘ಸ್ಮಾರ್ಟ್ ಸಿಟಿ’ ಎಂಬ ಪದ ಜಾಹೀರಾತಿಗೆ ಬರುವ ಎಷ್ಟೋ ಮುಂಚೆಯೇ ಸ್ಮಾರ್ಟ್ ಕಂಬಗಳು ಇದ್ದವು ಎಂದಾಯಿತು.

ನಮ್ಮ ರಸ್ತೆಗೆ ಬಂದಾಗ ಈ ವಿದೇಶಿ ಜಾಣತನ ತಡವರಿಸಿತು. ಕಾರಣ ನಿಮಗೇ ಗೊತ್ತು. ಸುರುಳಿ ಇರುವುದು ಪಥಕ್ಕೊಂದರಂತೆ. ನಮ್ಮಲ್ಲಿ ಪಥ ಇರುವುದು ಬಣ್ಣದಲ್ಲಿ ಮಾತ್ರ. ಎರಡು ಪಥದ ಜಾಗದಲ್ಲಿ ಒಂದು ಬಸ್ಸು, ಮೂರು ಆಟೋ, ಒಂಬತ್ತು ಬೈಕು, ಒಂದು ತಳ್ಳುಗಾಡಿ ನಿಂತಿರುತ್ತವೆ. ಜೊತೆಗೆ ಕೇಬಲ್ಲಿಗೆಂದೋ ಕೊಳವೆಗೆಂದೋ ರಸ್ತೆ ಅಗೆದರೆ ಸುರುಳಿಯೂ ತುಂಡು. ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆಯವರು ಇಂಥ ಕಲಸುಮೇಲೋಗರದ ರಸ್ತೆಗೆಂದೇ ‘ಕೋಸಿಕಾಸ್ಟ್’ ಎಂಬ ದೇಸೀ ಕ್ರಮವನ್ನು ರೂಪಿಸಿದ್ದಾರೆ. ಬೆಂಗಳೂರಿನಲ್ಲಿ 165 ಚೌಕಗಳಿಗೆ ಅದನ್ನು ಅಳವಡಿಸುವ ಕೆಲಸವನ್ನು 2024ರಲ್ಲಿ ಕೈಗೆತ್ತಿಕೊಂಡರು. ನೆಲದೊಳಗಿನ ಸುರುಳಿಯ ಬದಲು ಇಲ್ಲಿ ಕಂಬದ ಮೇಲಿನ ಕ್ಯಾಮೆರಾ ವಾಹನಗಳನ್ನು ಎಣಿಸುತ್ತದೆ. ಇನ್ನೊಂದು ಕಡೆ ಗೂಗಲ್ ಕಂಪನಿಯ ‘ಗ್ರೀನ್ ಲೈಟ್’ ಎಂಬ ಯೋಜನೆ. ಅದಕ್ಕೆ ಸುರುಳಿಯೂ ಬೇಡ, ಕ್ಯಾಮೆರಾವೂ ಬೇಡ. ಮ್ಯಾಪ್ ತೆರೆದುಕೊಂಡು ಗಾಡಿ ಓಡಿಸುವವರ ಫೋನುಗಳೇ ಸಾಕು. ಎಲ್ಲಿ ನಿಂತರು, ಎಷ್ಟು ಸಲ ನಿಂತರು ಎಂಬುದನ್ನು ಲೆಕ್ಕ ಹಾಕಿ ಯಾವ ಸಿಗ್ನಲ್‌ನ ಸಮಯವನ್ನು ಎಷ್ಟು ತಿದ್ದಬೇಕೆಂದು ಸಂಚಾರ ಎಂಜಿನಿಯರುಗಳಿಗೆ ಸಲಹೆ ಕೊಡುತ್ತದೆ. ಬೆಂಗಳೂರು, ಹೈದರಾಬಾದ್, ಕೋಲ್ಕತಾ ಎಲ್ಲವೂ ಅದರ ಪಟ್ಟಿಯಲ್ಲಿವೆ.

ಕಾದು ನಿಲ್ಲುವ ಸಮಯ ಕಡಿಮೆಯಾದರೆ ಪೆಟ್ರೋಲೂ ಉಳಿಯುತ್ತದೆ, ಹೊಗೆಯೂ ಇಳಿಯುತ್ತದೆ. ಅದರಲ್ಲಿ ತಕರಾರಿಲ್ಲ. ಆದರೆ ಫೋನುಗಳ ಲೆಕ್ಕದ ಬಗ್ಗೆ ಒಂದು ಮಜಾ ಪ್ರಸಂಗ ಕೇಳಿ. 2020ರ ಆರಂಭದಲ್ಲಿ ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ ಒಂದು ಪುಟ್ಟ ಕೈಗಾಡಿಯಲ್ಲಿ 99 ಹಳೆಯ ಸ್ಮಾರ್ಟ್‌ಫೋನ್ ತುಂಬಿಕೊಂಡು, ಎಲ್ಲದರಲ್ಲೂ ಮ್ಯಾಪ್ ತೆರೆದಿಟ್ಟು, ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಳೆದುಕೊಂಡು ಹೋದ. ಮ್ಯಾಪಿನಲ್ಲಿ ಆ ರಸ್ತೆ ಹಸಿರಿನಿಂದ ಕೆಂಪಿಗೆ ತಿರುಗಿತು. 99 ಕಾರುಗಳು ತೆವಳುತ್ತಿವೆ ಎಂದು ಕಂಪ್ಯೂಟರ್ ತಿಳಿಯಿತು. ಅಲ್ಲಿದ್ದದ್ದು ಒಬ್ಬ ಮನುಷ್ಯ, ಒಂದು ಆಟಿಕೆಯಂಥ ಗಾಡಿ. ಒಬ್ಬನನ್ನು 99 ಎಂದು ಎಣಿಸಬಲ್ಲ ವ್ಯವಸ್ಥೆ, ಫೋನಿಲ್ಲದ 99 ಜನರನ್ನು ಎಷ್ಟೆಂದು ಎಣಿಸೀತು? ಸೊನ್ನೆ.

ಇದು ಬರೀ ತಮಾಷೆಯ ಲೆಕ್ಕವಲ್ಲ. ಅಮೆರಿಕದ ಬಾಸ್ಟನ್ ನಗರಪಾಲಿಕೆ 2012ರಲ್ಲಿ ‘ಸ್ಟ್ರೀಟ್ ಬಂಪ್’ ಎಂಬ ಆ್ಯಪ್ ತಂದಿತ್ತು. ಫೋನನ್ನು ಕಾರಿನಲ್ಲಿಟ್ಟು ಓಡಿಸಿದರೆ ಸಾಕು, ಗುಂಡಿಗೆ ಬಿದ್ದು ಕುಲುಕಿದ್ದನ್ನು ಫೋನಿನೊಳಗಿನ ವೇಗೋತ್ಕರ್ಷ ಮಾಪಕವೇ ಗುರುತಿಸಿ ಪಾಲಿಕೆಗೆ ದೂರು ಕಳಿಸುತ್ತದೆ. ಬಲು ಸೊಗಸು. ಆದರೆ ಸ್ಮಾರ್ಟ್‌ಫೋನೂ ಕಾರೂ ಹೆಚ್ಚಾಗಿ ಇದ್ದದ್ದು ಅನುಕೂಲಸ್ಥರ ಬಡಾವಣೆಗಳಲ್ಲಿ. ಬಡವರ ಬೀದಿಯಲ್ಲಿ ಎಷ್ಟು ಗುಂಡಿ ಇದ್ದರೇನು, ಅಲ್ಲಿ ಕುಲುಕುವ ಫೋನು ಕಡಿಮೆ. ಈ ಓರೆಯನ್ನು ಸಂಶೋಧಕರು ಎತ್ತಿ ತೋರಿಸಿದರು. ಪಾಲಿಕೆಯವರಿಗೂ ಅದರ ಅರಿವಿತ್ತು.

ಮತ್ತೆ ನಮ್ಮ ಕಂಬಕ್ಕೆ ಬರೋಣ. ಅಮ್ಮನಿಗೆ ಸಮಯ ಸಾಲದೆ ಹೋದದ್ದೇಕೆ? ಯಾರೋ ಕಡಿಮೆ ಕೊಟ್ಟು ಮೋಸ ಮಾಡಿದ್ದಲ್ಲ. ಒಂದು ಸಂಖ್ಯೆ ಹಾಗೆ ಮಾಡಿತು. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂಬುದು ಜಗತ್ತಿನ ಬಹುಪಾಲು ಸಿಗ್ನಲ್ ಎಂಜಿನಿಯರುಗಳು ಪಾಲಿಸಿಕೊಂಡು ಬಂದ ಲೆಕ್ಕ. ನಮ್ಮ ದೇಶದಲ್ಲೂ ಸಾಮಾನ್ಯವಾಗಿ ಅದೇ. ನಾವು ದಾಟಿದ ರಸ್ತೆ ನನ್ನ ಹೆಜ್ಜೆಯ ಅಳತೆಯಲ್ಲಿ ಸುಮಾರು 21 ಮೀಟರ್. ಭಾಗಿಸಿ ನೋಡಿ: ಹದಿನೇಳೂವರೆ ಸೆಕೆಂಡ್. ನಿಮಗೆ, ನನಗೆ ಸಾಕು. ಬ್ರಿಟನ್ನಿನ ಸಂಶೋಧಕರು 65 ದಾಟಿದವರ ನಡಿಗೆಯನ್ನು ಅಳೆದ ಅಂಕಿಅಂಶಗಳನ್ನು ಜಾಲಾಡಿ 2012ರಲ್ಲಿ ಒಂದು ವರದಿ ಪ್ರಕಟಿಸಿದರು. ಗಂಡಸರ ಸರಾಸರಿ ಸೆಕೆಂಡಿಗೆ 0.9 ಮೀಟರ್, ಹೆಂಗಸರದು 0.8. ಎಂದರೆ ಅಲ್ಲಿನ ಬಹುಪಾಲು ವೃದ್ಧರಿಗೆ ನಿಗದಿತ ಸಮಯದಲ್ಲಿ ರಸ್ತೆ ದಾಟಲಾಗದು. 21 ಮೀಟರನ್ನು 0.8ರಿಂದ ಭಾಗಿಸಿ. 26 ಸೆಕೆಂಡಿಗಿಂತ ಹೆಚ್ಚು. ವ್ಯತ್ಯಾಸ ಸುಮಾರು ಒಂಬತ್ತು ಸೆಕೆಂಡ್. ಆ ಒಂಬತ್ತು ಸೆಕೆಂಡ್ ಅಜ್ಜಿ ನಡುರಸ್ತೆಯಲ್ಲಿ, ಹೊರಟ ಗಾಡಿಗಳ ಎದುರು. ಅಮೆರಿಕದವರು 2009ರಲ್ಲಿ ತಮ್ಮ ಲೆಕ್ಕವನ್ನು 1.2ರಿಂದ ಸುಮಾರು 1.07ಕ್ಕೆ ಇಳಿಸಿದರು. ಕಾಗದದ ಮೇಲಿನ ಒಂದು ದಶಮಾಂಶ. ಎಷ್ಟು ಜನರ ಎದೆಬಡಿತ ಅದರಲ್ಲಿದೆ ಯೋಚಿಸಿ.

ನಮ್ಮಲ್ಲಿ ಇದು ಎದೆಬಡಿತದ ಪ್ರಶ್ನೆಯಷ್ಟೇ ಅಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ನಡೆದುಕೊಂಡು ಹೋಗುತ್ತಿದ್ದವರು. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕವಿದು. ಇವರೆಲ್ಲ ಸಿಗ್ನಲ್‌ನಲ್ಲೇ ಸತ್ತವರೆಂದು ನಾನು ಹೇಳುತ್ತಿಲ್ಲ. ಹಲವರಿಗೆ ಸಿಗ್ನಲ್ಲೇ ಇರಲಿಕ್ಕಿಲ್ಲ.

ಇನ್ನು ಆ ಗುಂಡಿಯ ವಿಷಯ. ಎಳನೀರಿನವನ ಮಾತು ಬರೀ ಬೆಂಗಳೂರಿಗೆ ಅನ್ವಯಿಸುವುದಲ್ಲ. ನ್ಯೂಯಾರ್ಕಿನಲ್ಲಿದ್ದ ಸುಮಾರು 3,250 ಪಾದಚಾರಿ ಗುಂಡಿಗಳಲ್ಲಿ 2,500ಕ್ಕೂ ಹೆಚ್ಚು ನಿಷ್ಕ್ರಿಯ ಎಂದು 2004ರಲ್ಲಿ ಅಲ್ಲಿನ ಪತ್ರಿಕೆಯೊಂದು ಬರೆಯಿತು. ಹಾಳಾದದ್ದಲ್ಲ, ಬೇಕೆಂದೇ ಸಂಪರ್ಕ ತಪ್ಪಿಸಿದ್ದು. ಸಿಗ್ನಲ್‌ಗಳನ್ನು ಕಂಪ್ಯೂಟರ್ ನಡೆಸತೊಡಗಿದಾಗ ಗುಂಡಿ ಅನಗತ್ಯವಾಯಿತು. ಕೀಳಲು ದುಡ್ಡು ಖರ್ಚಾಗುತ್ತದೆಂದು ಹಾಗೇ ಬಿಟ್ಟರು. ಜನ ವರ್ಷಗಟ್ಟಲೆ ಒತ್ತುತ್ತಲೇ ಇದ್ದರು. ಜೋಡಣೆಯ ತಂತ್ರಜ್ಞಾನ ಎಂದರೆ ಎಲ್ಲರನ್ನೂ ಜೋಡಿಸುವುದು ಎಂದುಕೊಂಡಿದ್ದೆ. ಇಲ್ಲಿ ಕಂಬಗಳು ಒಂದಕ್ಕೊಂದು ಜೋಡಿಸಿಕೊಂಡ ದಿನವೇ ನಡೆಯುವವನ ತಂತಿ ಕಳಚಿತು!

ಹಾಗಾದರೆ ತಂತ್ರಜ್ಞಾನಕ್ಕೆ ಅಜ್ಜಿಯನ್ನು ಕಾಣುವ ಶಕ್ತಿಯೇ ಇಲ್ಲವೆ? ಧಾರಾಳವಾಗಿ ಇದೆ. ಬ್ರಿಟನ್ನಿನಲ್ಲಿ 1990ರ ದಶಕದಿಂದ ‘ಪಫಿನ್’ ಎಂಬ ದಾಟುದಾಣಗಳಿವೆ. ಕಂಬದ ಮೇಲಿನ ಸಂವೇದಕ ಪಟ್ಟೆಯ ಮೇಲೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ. ಇದ್ದರೆ ಗಾಡಿಗಳಿಗೆ ಕೆಂಪು ಮುಂದುವರಿಯುತ್ತದೆ. ಗುಂಡಿ ಒತ್ತಿದವನು ಕಾಯದೆ ಹೊರಟುಹೋದರೆ ಕೋರಿಕೆಯನ್ನು ತಾನೇ ರದ್ದು ಮಾಡುತ್ತದೆ, ಗಾಡಿಗಳೂ ಸುಮ್ಮನೆ ನಿಲ್ಲಬೇಕಾಗಿಲ್ಲ. 2014ರಲ್ಲಿ ಲಂಡನ್ನಿನವರು ‘ಸ್ಕೂಟ್’ ವ್ಯವಸ್ಥೆಗೆ ಕ್ಯಾಮೆರಾ ಜೋಡಿಸಿ, ಫುಟ್‌ಪಾತಿನಲ್ಲಿ ಕಾಯುತ್ತಿರುವವರ ಗುಂಪು ದೊಡ್ಡದಿದ್ದರೆ ಹಸಿರು ಮನುಷ್ಯನ ಸಮಯ ಹಿಗ್ಗಿಸುವ ಪ್ರಯೋಗವನ್ನು ಮೆಟ್ರೊ ನಿಲ್ದಾಣಗಳ ಎದುರು ನಡೆಸಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಿಂಗಪುರದ ಉಪಾಯ. ಅಲ್ಲಿನ ಹಿರಿಯ ನಾಗರಿಕರ ಹತ್ತಿರ ಬಸ್ಸು-ರೈಲಿನ ರಿಯಾಯಿತಿ ಕಾರ್ಡು ಹೇಗೂ ಇರುತ್ತದೆ. 2009ರಲ್ಲಿ ಪ್ರಯೋಗವಾಗಿ ಕೆಲವು ಸಿಗ್ನಲ್ ಗುಂಡಿಗಳ ಮೇಲೆ ಒಂದು ಕಾರ್ಡ್ ಓದುವ ಪೆಟ್ಟಿಗೆ ಕೂರಿಸಿದರು. ಅಜ್ಜ ಕಾರ್ಡನ್ನು ಅದಕ್ಕೆ ತಾಗಿಸಿದರೆ, ರಸ್ತೆಯ ಅಗಲ ನೋಡಿಕೊಂಡು 3ರಿಂದ 13 ಸೆಕೆಂಡ್‌ವರೆಗೆ ಹೆಚ್ಚುವರಿ ಹಸಿರು. ಅಂಗವಿಕಲರಿಗೂ ಪ್ರತ್ಯೇಕ ಕಾರ್ಡು. ಹೆಸರು ‘ಗ್ರೀನ್ ಮ್ಯಾನ್ ಪ್ಲಸ್’. ಈಗ ಆ ಊರಿನ ನೂರಾರು ದಾಟುದಾಣಗಳಲ್ಲಿ ಅದಿದೆ. ಮೇಲೆ ಮಾಡಿದ ನಮ್ಮ ಲೆಕ್ಕದ ಒಂಬತ್ತು ಸೆಕೆಂಡ್ ನೆನಪಿದೆಯಲ್ಲ? ಅದನ್ನು ಅಲ್ಲಿ ಒಂದು ಕಾರ್ಡಿನಲ್ಲಿ ಕೊಟ್ಟುಬಿಟ್ಟಿದ್ದಾರೆ.

ಇದರಲ್ಲಿ ಇನ್ನೊಂದು ಸೊಗಸಿದೆ. ಕ್ಯಾಮೆರಾ ಇಲ್ಲ. ನಡೆಯುವವರನ್ನೂ ಎಣಿಸಿ ಎಂದು ನಾವು ಕೇಳಿದರೆ ‘ಆಗಲಿ’ ಎಂದು ಕಂಬದ ಮೇಲೆ ಕ್ಯಾಮೆರಾ ಇಡುತ್ತಾರೆ. ಎಣಿಸುವ ಕ್ಯಾಮೆರಾ ಎಣಿಸುತ್ತಲೇ ಇರುತ್ತದೆಂದು ಹೇಗೆ ನಂಬುವುದು? ಅಮೆರಿಕದ ಸ್ಯಾನ್ ಡಿಯೇಗೊ ನಗರ ಸಾವಿರಾರು ಸ್ಮಾರ್ಟ್ ಬೀದಿ ದೀಪಗಳನ್ನು ಹಾಕಿತು. ವಿದ್ಯುತ್ ಉಳಿತಾಯ, ವಾಹನ ಮತ್ತು ಪಾದಚಾರಿಗಳ ಎಣಿಕೆ ಎಂದು ಹೇಳಿ ಹಾಕಿದ್ದು. ಅವುಗಳ ಕ್ಯಾಮೆರಾ ಚಿತ್ರಗಳನ್ನು ಪೊಲೀಸರು ತನಿಖೆಗೆ ಬಳಸುತ್ತಿರುವುದು ಜನರಿಗೆ ತಡವಾಗಿ ತಿಳಿಯಿತು. ಗಲಾಟೆಯಾಗಿ 2020ರ ಸೆಪ್ಟೆಂಬರ್‌ನಲ್ಲಿ ಮೇಯರ್ ಅವನ್ನು ಆರಿಸಲು ಆದೇಶಿಸಿದರು. ಪೊಲೀಸರ ಉದ್ದೇಶ ಒಳ್ಳೆಯದೇ ಇದ್ದೀತು. ಕೊಲೆಗಾರ ಸಿಕ್ಕರೆ ಬೇಡ ಎನ್ನುವವರಾರು? ಆದರೆ ಹೇಳಿದ್ದೊಂದು, ಮಾಡಿದ್ದೊಂದು. ಕಾರ್ಡಿನಲ್ಲಿ ಹಾಗಲ್ಲ. ತಾನು ಬಂದಿದ್ದೇನೆ ಎಂದು ಅಜ್ಜಿ ತಾನಾಗಿಯೇ ಕಂಬಕ್ಕೆ ಹೇಳುತ್ತಾಳೆ, ಬೇಕಿದ್ದರೆ ಮಾತ್ರ.

ಎಂಜಿನಿಯರಿಂಗ್‌ಗೆ ಹೋಗಬೇಕೆಂದಿರುವವರಿಗೆ ಒಂದು ಅಡ್ಡಮಾತು. ಕಂಬಗಳು ಮಾತಾಡತೊಡಗಿದರೆ ಪೋಕರಿಗಳೂ ನಡುವೆ ಬಾಯಿ ಹಾಕಬಹುದು. 2014ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡವೊಂದು ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆದೇ ಸುಮಾರು 100 ಸಿಗ್ನಲ್‌ಗಳ ಜಾಲವೊಂದನ್ನು ಪರೀಕ್ಷಿಸಿತು. ರೇಡಿಯೊ ಸಂದೇಶಕ್ಕೆ ಗೂಢಲಿಪಿಯ ರಕ್ಷಣೆ ಇರಲಿಲ್ಲ. ಪಾಸ್‌ವರ್ಡು ಕಾರ್ಖಾನೆಯಿಂದ ಬಂದಾಗ ಇದ್ದದ್ದೇ. ಲ್ಯಾಪ್‌ಟಾಪ್ ಹಿಡಿದು ದೀಪಗಳನ್ನು ಬದಲಿಸಲು ಅವರಿಗೆ ಸಾಧ್ಯವಾಯಿತು. ಆದರೂ ಒಂದು ಕೆಲಸ ಮಾಡಲಾಗಲಿಲ್ಲ: ನಾಲ್ಕೂ ಕಡೆಗೆ ಹಸಿರು ಕೊಡುವುದು. ಏಕೆಂದರೆ ಪೆಟ್ಟಿಗೆಯೊಳಗೆ ಜಾಲಕ್ಕೆ ಜೋಡಿಸದ ಒಂದು ಪ್ರತ್ಯೇಕ ಮಂಡಲವಿದೆ. ಒಂದಕ್ಕೊಂದು ಅಡ್ಡ ಬರುವ ದಿಕ್ಕುಗಳು ಒಟ್ಟಿಗೆ ಹಸಿರಾಗಲು ಹೊರಟರೆ ಅದು ಎಲ್ಲವನ್ನೂ ತಡೆದು ಕೆಂಪು ಮಿನುಗಿಸುತ್ತದೆ. ಇಡೀ ಕಂಬದಲ್ಲಿ ಅತ್ಯಂತ ದಡ್ಡ ಭಾಗ ಅದು, ಯಾರ ಮಾತನ್ನೂ ಕೇಳುವುದಿಲ್ಲ. ಜೀವ ಉಳಿಸುವುದೂ ಅದೇ.

ತುಮಕೂರಿನ ಹುಡುಗಿಗೆ ನಾನು ಬರೆದ ಉತ್ತರದಲ್ಲಿ ಒಂದು ಸಣ್ಣ ಕೆಲಸ ಕೊಟ್ಟಿದ್ದೇನೆ. ನೀವೂ ಮಾಡಬಹುದು, ಚಿಕ್ಕವರಾದರೆ ತಂದೆತಾಯಿ ಜೊತೆಗಿರಲಿ. ಮನೆಯ ಹತ್ತಿರದ ಸಿಗ್ನಲ್‌ನಲ್ಲಿ ಫುಟ್‌ಪಾತಿನ ಮೇಲೆ, ರಸ್ತೆಗೆ ಇಳಿಯದೆ, ಅರ್ಧ ಗಂಟೆ ನಿಲ್ಲಿ. ನೋಟ್ ಪುಸ್ತಕದಲ್ಲಿ ಎರಡು ಕಾಲಂ ಹಾಕಿ. ಮೊದಲನೆಯದರಲ್ಲಿ ಗಾಡಿಗಳ ಲೆಕ್ಕ, ಎರಡನೆಯದರಲ್ಲಿ ಮನುಷ್ಯರ ಲೆಕ್ಕ. ಅರವತ್ತು ಜನರಿದ್ದ ಬಸ್ಸು ಮೊದಲ ಕಾಲಂನಲ್ಲಿ ಒಂದು, ಒಬ್ಬರೇ ಕೂತ ಕಾರೂ ಒಂದು. ನಡೆದು ದಾಟಿದವರು ಎರಡನೆಯದರಲ್ಲಿ ಮಾತ್ರ ಬರುತ್ತಾರೆ. ಹಸಿರು ಮನುಷ್ಯ ಎಷ್ಟು ಸೆಕೆಂಡ್ ಇದ್ದ ಎಂದು ಬರೆಯಿರಿ. ಬೆನ್ನಿಗೆ ಚೀಲ ಹೊತ್ತ ಒಂದನೇ ಕ್ಲಾಸಿನ ಮಗು ಎಷ್ಟು ಸೆಕೆಂಡಿನಲ್ಲಿ ದಾಟಿತು, ಕೋಲು ಹಿಡಿದ ತಾತ ಎಷ್ಟರಲ್ಲಿ ದಾಟಿದರು, ಅದನ್ನೂ ಬರೆಯಿರಿ. ಅಂಥ ಪಟ್ಟಿಯೊಂದನ್ನು ನಿಮ್ಮ ಊರಿನ ಸಂಚಾರ ಠಾಣೆಗೆ ಒಯ್ದು ಕೊಟ್ಟರೆ ಏನಾಗುತ್ತದೆಂದು ತಿಳಿಯುವ ಕುತೂಹಲ ನನಗಿದೆ. ನಿಯಂತ್ರಣ ಕೇಂದ್ರದ ಪರದೆಗಳಲ್ಲಿ ಮೊದಲನೆಯ ಕಾಲಂ ಖಂಡಿತ ಇರುತ್ತದೆ. ಎರಡನೆಯದು ಇದೆಯೇ ಎಂದು ಕೇಳಿಕೊಂಡು ಬನ್ನಿ.

ಕಳೆದ ತಿಂಗಳು ಅಮ್ಮನ ಎರಡನೇ ತಪಾಸಣೆ ಇತ್ತು. ಅದೇ ರಸ್ತೆ, ಅದೇ ಕಂಬ. ಅಭ್ಯಾಸಬಲದಿಂದ ಗುಂಡಿ ಒತ್ತಿದೆ. ಎಳನೀರಿನವನು ನಕ್ಕ. ಅಷ್ಟರಲ್ಲಿ ಚೌಕದಲ್ಲಿದ್ದ ಕಾನ್‌ಸ್ಟೇಬಲ್ ಒಬ್ಬರು ಅಮ್ಮನನ್ನು ನೋಡಿದರು, ಸೀಟಿ ಊದಿ ಎರಡೂ ಕೈ ಅಗಲಿಸಿ ರಸ್ತೆಗೆ ಅಡ್ಡ ನಿಂತರು. ಹಸಿರು ಮನುಷ್ಯ ಬಂದು ಹೋದ ಮೇಲೂ ಅವರು ಕೈ ಇಳಿಸಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ಅಮ್ಮ ಫುಟ್‌ಪಾತ್ ಹತ್ತಿದಾಗ 31 ಸೆಕೆಂಡ್ ಆಗಿತ್ತು.